ಎಚ್ ಅನ್ನಬೇಕೋ, ಹೆಚ್ ಅನ್ನಬೇಕೋ?

ಇಂಗ್ಲಿಷಿನ ಎಂಟನೇ ಅಕ್ಷರದ ಹೆಸರೇನು? ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಇದೆ. ಮನೆಯಲ್ಲಿ ಬಿದ್ದಿರುವ ನಾಲ್ಕು ಮದುವೆ ಕಾಗದ ತೆಗೆದು ನೋಡಿ. ಒಂದು ಮನೆಯವರು ಇನಿಶಿಯಲ್ ಜಾಗದಲ್ಲಿ 'ಎಚ್' ಅಂತ ಹಾಕಿಸಿರ್ತಾರೆ, ಇನ್ನೊಂದು ಮನೆಯವರು 'ಹೆಚ್' ಅಂತ. ಕನ್ನಡ ಪತ್ರಿಕೆಗಳಲ್ಲೂ ಹಾಗೆಯೇ. ಒಂದರಲ್ಲಿ ಎಚ್, ಮತ್ತೊಂದರಲ್ಲಿ ಹೆಚ್. ಓದುವವರಿಗೆ ಎರಡರಿಂದಲೂ ತೊಂದರೆ ಇಲ್ಲ.

ಆದರೆ ಉತ್ತರ ಐರ್ಲೆಂಡಿನಲ್ಲಿ ಇದು ಇಷ್ಟು ಹಗುರದ ಮಾತಲ್ಲ. ಅಲ್ಲಿ ಪ್ರೊಟೆಸ್ಟಂಟರು ಸಾಮಾನ್ಯವಾಗಿ 'ಎಚ್' ಅಂತಾರೆ, ಕ್ಯಾಥೋಲಿಕರು 'ಹೆಚ್' ಅಂತಾರೆ. ಎರಡು ಪಂಗಡಗಳ ನಡುವೆ ದಶಕಗಟ್ಟಲೆ ರಕ್ತ ಹರಿದ ನೆಲ ಅದು. ಬಾಯಿಂದ ಒಂದೇ ಒಂದು ಅಕ್ಷರ ಬಿದ್ದರೆ ಸಾಕು, ಮಾತಾಡಿದವ ಯಾವ ಕಡೆಯವ ಅಂತ ಎದುರಿದ್ದವನಿಗೆ ಗೊತ್ತಾಗಿಬಿಡ್ತಿತ್ತು. ಎಚ್ ಅಂದರೂ ಹೆಚ್ ಅಂದರೂ ಅಕ್ಷರ ಒಂದೇ, ಅರ್ಥವೂ ಒಂದೇ. ವ್ಯತ್ಯಾಸ ಇದ್ದದ್ದು ಅದನ್ನು ಕೇಳುವವನ ಮನಸ್ಸಿನಲ್ಲಿ.

ಈ ಲೇಖನದಲ್ಲಿ ನಾವು ಹೇಳಲು ಹೊರಟಿರುವುದೂ ಅದನ್ನೇ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಇಂಟರ್‌ವ್ಯೂ ಕೋಣೆಗಳಲ್ಲಿ ಇಂಗ್ಲಿಷ್ ಉಚ್ಚಾರದ ಹೆಸರಿನಲ್ಲಿ ಎಷ್ಟೋ ಮಕ್ಕಳು, ಎಷ್ಟೋ ತಾಯಂದಿರು ಬಾಯಿ ಮುಚ್ಚಿಕೊಂಡಿದ್ದಾರೆ. 'ಸರಿಯಾದ' ಇಂಗ್ಲಿಷ್ ಅಂತ ಅವರನ್ನು ಹೆದರಿಸುವ ವಸ್ತು ಯಾವುದು, ಅದು ಎಲ್ಲಿದೆ, ಯಾರ ಬಾಯಲ್ಲಿದೆ ಅಂತ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.

ಇಂಗ್ಲಿಷರ ಇಂಗ್ಲಿಷ್ ಎಷ್ಟು ತರದ್ದು?

ಇಂಗ್ಲೆಂಡಿನಿಂದಲೇ ಶುರು ಮಾಡೋಣ. ಲಂಡನ್‌ನವ 'ಬಸ್' ಅಂದದ್ದನ್ನು ಉತ್ತರದ ಲೀಡ್ಸ್, ಮ್ಯಾಂಚೆಸ್ಟರ್ ಕಡೆಯ ಮನುಷ್ಯ ಹೆಚ್ಚುಕಡಿಮೆ 'ಬುಸ್' ಅಂತಾನೆ. ದಕ್ಷಿಣದವರ 'ಬಾಥ್' ಉತ್ತರದವರಿಗೆ ಗಿಡ್ಡ ಸ್ವರದ 'ಬ್ಯಾಥ್'. 'ಕಾರ್' ಅನ್ನುವ ಪದದ ಕೊನೆಯ ರ-ಕಾರ ಲಂಡನ್‌ನಲ್ಲಿ ಕೇಳುವುದೇ ಇಲ್ಲ, ಅಲ್ಲಿ ಅದು ಬರೀ 'ಕಾ'. ಅದೇ ರೈಲು ಹತ್ತಿ ಸ್ಕಾಟ್ಲೆಂಡಿಗೆ ಹೋದರೆ 'ಕಾರ್' ಅಂತ ರ-ಕಾರ ಗಟ್ಟಿಯಾಗಿ ಬರ್ತದೆ. ಹಾಗೆ ನೋಡಿದರೆ ಹಂಪನಕಟ್ಟೆಯ ರಿಕ್ಷಾ ಚಾಲಕನ 'ಕಾರು' ಲಂಡನ್‌ಗಿಂತ ಎಡಿನ್‌ಬರೋಗೆ ಹತ್ತಿರ.

ಅಮೆರಿಕಕ್ಕೆ ಹೋದರೆ ಇನ್ನೊಂದು ಕತೆ. ಬ್ರಿಟಿಷರ 'ಟೊಮಾಟೊ' ಅಲ್ಲಿ 'ಟೊಮೇಟೊ'. ಕೊನೆಯ ಅಕ್ಷರ ಇಲ್ಲಿ 'ಝೆಡ್', ಅಲ್ಲಿ 'ಝೀ'. 'ಶೆಡ್ಯೂಲ್' ಅಲ್ಲಿ 'ಸ್ಕೆಜೂಲ್'. ಗಿಡಮೂಲಿಕೆಗೆ ಬ್ರಿಟಿಷರು 'ಹರ್ಬ್' ಅಂದರೆ ಅಮೆರಿಕನ್ನರು ಹ-ಕಾರ ಬಿಟ್ಟು 'ಅರ್ಬ್' ಅಂತಾರೆ. ಇದರಲ್ಲಿ ತಪ್ಪು ಯಾರದ್ದು? ಈ ಪದ ಫ್ರೆಂಚಿನಿಂದ ಬರುವಾಗ ಅದಕ್ಕೆ ಹ-ಕಾರದ ಸದ್ದೇ ಇರಲಿಲ್ಲ. ಇಂಗ್ಲೆಂಡಿನವರೂ ಹಿಂದೆ ಅದನ್ನು ಬಿಟ್ಟೇ ಹೇಳ್ತಿದ್ದರು, ಬರವಣಿಗೆಯಲ್ಲಿ ಅಕ್ಷರ ಕಂಡು ಆಮೇಲೆ ಸೇರಿಸಿಕೊಂಡರು. ಅಂದರೆ ಹಳೆಯ ರೂಪ ಉಳಿಸಿಕೊಂಡವರು ಅಮೆರಿಕನ್ನರು.

ಬರೆಯುವುದು ಒಂದು, ಹೇಳುವುದು ಇನ್ನೊಂದು ಆದದ್ದಕ್ಕೂ ಕಾರಣ ಇದೆ. ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ ಬಳಿಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ಇಟ್ಟದ್ದು 1476ರಲ್ಲಿ. ಅಚ್ಚಿಗೆ ಹೋದ ಪದಗಳ ಕಾಗುಣಿತ ನಿಧಾನವಾಗಿ ಗಟ್ಟಿಯಾಯಿತು. ಆದರೆ ಜನರ ಬಾಯಿ ಅಲ್ಲೇ ನಿಲ್ಲಲಿಲ್ಲ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಾಯಿಸಿದವು. ಚೂರಿಗೆ ಹೇಳುವ 'ನೈಫ್' ಪದದ ಮೊದಲಿನ ಕ-ಕಾರವನ್ನು ಹಿಂದೆ ನಿಜವಾಗಿಯೂ ಉಚ್ಚರಿಸ್ತಿದ್ದರು, ಅದೂ ಈ ಕಾಲದಲ್ಲೇ ಬಿದ್ದುಹೋಯಿತು. ಬರಹ ಹಳೆಯದು, ಮಾತು ಹೊಸದು. ಕನ್ನಡದಲ್ಲಿ ಬರೆದದ್ದನ್ನೇ ಓದಿ ಅಭ್ಯಾಸವಾದ ನಮ್ಮ ಮಗು 'ಕ್ನೈಫ್' ಅಂತ ಓದಿದರೆ, 'ವೆಜಿಟೇಬಲ್' ಅನ್ನುವಾಗ ಕೊನೆಯಲ್ಲಿ 'ಟೇಬಲ್' ಕೇಳಿಸಿದರೆ, ಅದು ದಡ್ಡತನ ಅಲ್ಲ. ಕಣ್ಣಿಗೆ ಕಂಡ ಅಕ್ಷರಕ್ಕೆ ಅದು ಗೌರವ ಕೊಟ್ಟಿದೆ, ಅಷ್ಟೆ.

ನ್ಯೂಯಾರ್ಕಿನ ನಾಲ್ಕನೇ ಮಹಡಿ

ಹಾಗಾದರೆ ಒಂದು ಉಚ್ಚಾರ ದೊಡ್ಡದು, ಒಂದು ಸಣ್ಣದು ಅಂತ ಯಾಕೆ ಅನಿಸ್ತದೆ? ಇದಕ್ಕೆ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1962ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ ಒಂದು ಸರಳ ಪರೀಕ್ಷೆ ಇವತ್ತಿಗೂ ಒಳ್ಳೆಯ ಉತ್ತರ ಕೊಡ್ತದೆ.

ಅವರು ಮೂರು ಅಂಗಡಿಗಳನ್ನು ಆರಿಸಿಕೊಂಡರು. ಶ್ರೀಮಂತರ ಸ್ಯಾಕ್ಸ್, ಮಧ್ಯಮ ವರ್ಗದ ಮೇಸೀಸ್, ಅಗ್ಗದ ಎಸ್. ಕ್ಲೈನ್. ನಾಲ್ಕನೇ ಮಹಡಿಯಲ್ಲಿ ಸಿಗುವ ಒಂದು ವಸ್ತು ಎಲ್ಲಿದೆ ಅಂತ ಗಿರಾಕಿಯ ಹಾಗೆ ಕೇಳುವುದು. ಕೆಲಸದವರು 'ಫೋರ್ತ್ ಫ್ಲೋರ್' ಅಂತಾರೆ. ಆ ಎರಡು ಪದಗಳಲ್ಲಿ ರ-ಕಾರ ಕೇಳಿಸಿತೋ ಇಲ್ಲವೋ ಅಂತ ಗುಟ್ಟಾಗಿ ಬರೆದುಕೊಳ್ಳುವುದು. ಒಟ್ಟು 264 ಮಂದಿಯನ್ನು ಹೀಗೆ ಕೇಳಿದರು. ಪೂರ್ತಿಯಾಗಿಯೋ ಅಲ್ಪಸ್ವಲ್ಪವೋ ರ-ಕಾರ ಉಚ್ಚರಿಸಿದವರು ಸ್ಯಾಕ್ಸ್‌ನಲ್ಲಿ ಶೇ. 62, ಮೇಸೀಸ್‌ನಲ್ಲಿ ಶೇ. 51, ಕ್ಲೈನ್‌ನಲ್ಲಿ ಶೇ. 20. ಎಲ್ಲರೂ ಅದೇ ಊರಿನ ಅಂಗಡಿ ಕೆಲಸದವರು. ಗಿರಾಕಿ ಶ್ರೀಮಂತ ಆದಷ್ಟೂ ಕೆಲಸದವರ ನಾಲಗೆಯಲ್ಲಿ ರ-ಕಾರ ಹೆಚ್ಚಾಗ್ತಾ ಹೋಯಿತು.

ಈಗ ಗಮನಿಸಬೇಕಾದ ವಿಚಾರ ಇದು. ನ್ಯೂಯಾರ್ಕಿನಲ್ಲಿ ರ-ಕಾರ ಹೇಳಿದರೆ ದೊಡ್ಡಸ್ತಿಕೆ. ಲಂಡನ್‌ನಲ್ಲಿ ರ-ಕಾರ ಬಿಟ್ಟರೆ ದೊಡ್ಡಸ್ತಿಕೆ! ಅದೇ ಭಾಷೆ, ಅದೇ ಅಕ್ಷರ. ಒಂದು ಕಡೆ ಕಿರೀಟ, ಇನ್ನೊಂದು ಕಡೆ ಹಳ್ಳಿ ಗುರುತು. ಹಾಗಿರುವಾಗ ಸದ್ದಿನಲ್ಲೇ ಶ್ರೇಷ್ಠತೆ ಇದೆ ಅಂತ ಹೇಗೆ ಹೇಳುವುದು? ಆ ಸದ್ದು ಯಾರ ಬಾಯಲ್ಲಿದೆ, ಅವರ ಜೇಬಿನಲ್ಲಿ ಎಷ್ಟಿದೆ, ಕೈಯಲ್ಲಿ ಏನು ಅಧಿಕಾರ ಇದೆ ಅನ್ನುವುದೇ ಅದರ ಬೆಲೆ ಕಟ್ಟುವುದು.

ನಮ್ಮ ಹಿರಿಯರು ರೇಡಿಯೋದಲ್ಲಿ ಕೇಳಿ ಬೆರಗಾದ 'ಬಿಬಿಸಿ ಇಂಗ್ಲಿಷ್' ಕೂಡ ಹಾಗೆಯೇ. ಆ ತರದ ಉಚ್ಚಾರ ಇರುವವರು ಬ್ರಿಟನ್ನಿನಲ್ಲೇ ಸುಮಾರು ಶೇ. 3 ಅಂತ 1970ರ ದಶಕದಲ್ಲಿ ಭಾಷಾತಜ್ಞ ಪೀಟರ್ ಟ್ರಡ್‌ಗಿಲ್ ಅಂದಾಜು ಮಾಡಿದ್ದರು. ನೂರರಲ್ಲಿ ಮೂವರ ಮಾತು ಉಳಿದ ತೊಂಬತ್ತೇಳು ಮಂದಿಗೆ ಅಳತೆಗೋಲು ಆಗಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ, ಯಾರ್ಕ್‌ಷೈರ್‌ನ ವಿಲ್ಫ್ರೆಡ್ ಪಿಕಲ್ಸ್ ಎಂಬವರನ್ನು ಬಿಬಿಸಿ ರಾಷ್ಟ್ರೀಯ ವಾರ್ತೆ ಓದಲು ಕೂರಿಸಿತು. ಅವರು ತಮ್ಮ ಊರಿನ ಧಾಟಿಯಲ್ಲೇ ಓದಿದರು. ಸುದ್ದಿ ಅದೇ, ಯುದ್ಧ ಅದೇ. ಆದರೂ ಕೇಳುಗರಿಂದ ದೂರು ಬಂದವು. ಹಳ್ಳಿ ಧಾಟಿಯಲ್ಲಿ ಓದಿದ ಸುದ್ದಿಯನ್ನು ನಂಬುವುದು ಹೇಗೆ ಅಂತ ಕೆಲವರಿಗೆ ಅನುಮಾನ! ಯಾರ್ಕ್‌ಷೈರ್‌ನವನಿಗೆ ಸ್ವಂತ ದೇಶದಲ್ಲೇ ಈ ಗತಿಯಾದರೆ, ಬಂಟ್ವಾಳದವಳಿಗೆ, ಉಳ್ಳಾಲದವನಿಗೆ ಬಂದದ್ದು ಹೊಸ ಕಷ್ಟ ಏನಲ್ಲ.

ನಮ್ಮ ನಾಲಗೆಯ ಲೆಕ್ಕ

ನಮ್ಮ ಇಂಗ್ಲಿಷಿಗೆ ನಮ್ಮದೇ ಕಾರಣಗಳಿವೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಕೊನೆಯಾಗ್ತವೆ. ಹಾಗಾಗಿ ಬಸ್ 'ಬಸ್ಸು' ಆಯಿತು, ರೈಲ್ 'ರೈಲು' ಆಯಿತು. ಪದದ ಆರಂಭದ 'ಎ' ಮಾತಿನಲ್ಲಿ 'ಯೆ' ಆಗ್ತದೆ. ಎಂಟು ಅನ್ನುವುದು 'ಯೆಂಟು' ಅಂತ ಕೇಳಿಸುವ ಹಾಗೆಯೇ ಎಗ್ 'ಯೆಗ್ಗ್' ಆಗ್ತದೆ. ಹಳೆಯ ಬೋರ್ಡುಗಳಲ್ಲಿ 'ಯಂ.ಎ.' ಅಂತ ಬರೆದದ್ದು ಹಲವರಿಗೆ ನೆನಪಿರಬಹುದು. ಘಟ್ಟದ ಮೇಲಿನವರ 'ಬ್ಯಾಂಕ್' ಕರಾವಳಿಯಲ್ಲಿ 'ಬೇಂಕ್'. ಗಡಿ ದಾಟಿ ಕಾಸರಗೋಡಿನಿಂದ ಕೆಳಗೆ ಹೋದರೆ 'ಕಾಲೇಜ್' ಹೋಗಿ 'ಕೋಳೇಜ್'.

ಅರಬ್ಬಿ ಹೆಸರುಗಳಿಗೂ ಇದೇ ಆಗಿದೆ. ಫಾತಿಮಾ ನಮ್ಮ ಅಜ್ಜಿಯರ ಬಾಯಲ್ಲಿ ಪಾತುಮ್ಮ ಆದಳು. ಹಸನಬ್ಬ ಅಸನಬ್ಬ ಆದರು, ಇಬ್ರಾಹೀಂ ಇಬ್ರಾಯಿ ಆದರು. ಆ ಹೆಸರಿನಲ್ಲೇ ಮನೆ ಕಟ್ಟಿದರು, ವ್ಯಾಪಾರ ಮಾಡಿದರು, ಮಕ್ಕಳನ್ನು ಸಾಕಿದರು. ಹಸನಬ್ಬರ ಹ-ಕಾರ ಬಿದ್ದದ್ದಕ್ಕೆ ಅವರ ಮರ್ಯಾದೆ ಏನೂ ಕಮ್ಮಿ ಆಗಲಿಲ್ಲ. ಅದೇ ಹ-ಕಾರ ಬಿಟ್ಟದ್ದಕ್ಕೆ ಲಂಡನ್‌ನ ಕೂಲಿಕಾರರನ್ನು ಅಲ್ಲಿನ ದೊಡ್ಡವರು ನೂರಾರು ವರ್ಷ ಗೇಲಿ ಮಾಡಿದ್ದಾರೆ. ಹಳೆ ಮೈಸೂರು ಕಡೆ 'ಹಾಲು' ಬದಲು 'ಆಲು' ಅಂದ ರೈತನನ್ನು ಪೇಟೆಯವರು ನಗ್ತಾರೆ. ಆದರೆ ಕನ್ನಡದ ಈ ಹ-ಕಾರವೇ ಹೊಸತು. ಹಳಗನ್ನಡದಲ್ಲಿ ಅದು 'ಪಾಲ್'. ಮಲಯಾಳದಲ್ಲಿ ಇವತ್ತಿಗೂ ಪಾಲ್, ನಮ್ಮ ಬ್ಯಾರಿ ಮಾತೂ ಆ ಹಳೆಯ ದಾರಿಯಲ್ಲೇ ಇದೆ. ಒಂದು ಕಾಲದಲ್ಲಿ 'ಹಾಲು' ಅಂದವನೇ ತಪ್ಪುಗಾರ ಆಗಿದ್ದಿರಬೇಕು!

ಇನ್ನೊಂದು ಕಡೆಯಿಂದಲೂ ನೋಡಬೇಕು. ನಮ್ಮ ಕರಾವಳಿಯ ಪದಗಳು ಪರದೇಶಿಗಳ ಬಾಯಿಗೆ ಸಿಕ್ಕಿ ಏನಾದವು? ಮಲಯಾಳದ 'ಅಡಕ್ಕ' ಪೋರ್ಚುಗೀಸರ ಮೂಲಕ ಹೋಗಿ ಇಂಗ್ಲಿಷಿನಲ್ಲಿ 'ಅರೆಕಾ' ಆಯಿತು. 'ಚಕ್ಕ' ಹೋಗಿ 'ಜ್ಯಾಕ್' ಹಣ್ಣಾಯಿತು. 'ವೆಟ್ಟಿಲ' ಹೋಗಿ 'ಬೀಟಲ್' ಆಯಿತು. 'ಕಯರ್' ಹೋಗಿ 'ಕಾಯರ್' ಆಯಿತು. ಕೋಯಿಕ್ಕೋಡ್ ಅವರಿಗೆ ಕ್ಯಾಲಿಕಟ್, ಕಣ್ಣೂರು ಅವರಿಗೆ ಕ್ಯಾನನೋರ್. ಬ್ಯಾರಿಯಲ್ಲಿ ಮೈಕಾಲ, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್ ಆಗಿರುವ ನಮ್ಮ ಊರನ್ನು ಅವರು ಮ್ಯಾಂಗಲೋರ್ ಅಂದರು. ಸರಕಾರಿ ಕಾಗದದ ಇಂಗ್ಲಿಷಿನಲ್ಲಿ ಅದು ಮಂಗಳೂರು ಆಗಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ನೋಡಿ, ಅಡಕೆಯನ್ನು ಅರೆಕಾ ಅಂದವರನ್ನು ಯಾರೂ ನಗಲಿಲ್ಲ. ಅವರ ತಪ್ಪು ಉಚ್ಚಾರವೇ ಡಿಕ್ಷನರಿ ಸೇರಿ, ಈಗ ನಮ್ಮ ಮಕ್ಕಳು ಅದನ್ನು ಸ್ಪೆಲ್ಲಿಂಗ್ ಸಮೇತ ಬಾಯಿಪಾಠ ಮಾಡ್ತಾರೆ. ಹಡಗು, ತೋಪು, ಗೋದಾಮು ಇದ್ದವನ ಉಚ್ಚಾರ ಪದವಾಗ್ತದೆ. ಇಲ್ಲದವನ ಉಚ್ಚಾರ ತಮಾಷೆಯಾಗ್ತದೆ.

ಕಿವಿ ಕೇಳುವ ಮೊದಲು ಕಣ್ಣು ತೀರ್ಮಾನ ಮಾಡಿದರೆ

ಇಷ್ಟೇ ಆಗಿದ್ದರೆ ಇದೊಂದು ಇತಿಹಾಸದ ಸ್ವಾರಸ್ಯ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಉಚ್ಚಾರದ ಬಗ್ಗೆ ಇರುವ ಮನೋಭಾವ ಜನರ ಅನ್ನಕ್ಕೆ, ಅವಕಾಶಕ್ಕೆ ಕೈ ಹಾಕ್ತದೆ. ಅಮೆರಿಕದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಇದೆ. ಕಾಲೇಜು ವಿದ್ಯಾರ್ಥಿಗಳಿಗೆ ಧ್ವನಿಮುದ್ರಿಸಿದ ಒಂದು ಪಾಠ ಕೇಳಿಸಿದರು. ಮಾತಾಡಿದವರು ಅಮೆರಿಕದವರೇ, ಎಲ್ಲರಿಗೂ ಕೇಳಿಸಿದ್ದು ಅದೇ ಧ್ವನಿ. ಆದರೆ 'ಪಾಠ ಮಾಡುವವರು ಇವರು' ಅಂತ ಕೆಲವರಿಗೆ ಬಿಳಿಯ ಮುಖದ ಫೋಟೊ, ಇನ್ನು ಕೆಲವರಿಗೆ ಏಷ್ಯಾದ ಮುಖದ ಫೋಟೊ ತೋರಿಸಿದರು. ಏಷ್ಯಾದ ಮುಖ ನೋಡಿದವರಿಗೆ ಇಲ್ಲದ ವಿದೇಶಿ ಉಚ್ಚಾರ ಕೇಳಿಸಿತು. ಪಾಠವೂ ಅವರಿಗೆ ಕಮ್ಮಿ ಅರ್ಥವಾಯಿತು!

ತಲೆಗೆ ಬಟ್ಟೆ ಹಾಕಿದ ಹುಡುಗಿ, ಟೊಪ್ಪಿ ಹಾಕಿದ ಹುಡುಗ ಇಂಟರ್‌ವ್ಯೂಗೆ ಹೋಗಿ ಕೂತಾಗ ಈ ಮಾತು ನೆನಪಿಡಬೇಕು. ಅವರ ಇಂಗ್ಲಿಷ್ ಎದುರಿನವರ ಕಿವಿಗೆ ಮುಟ್ಟುವ ಮೊದಲೇ ಕಣ್ಣು ಮಾರ್ಕ್ಸ್ ಹಾಕಿರುವ ಸಾಧ್ಯತೆ ಇದೆ. ಅದು ಮಕ್ಕಳ ಕೊರತೆ ಅಲ್ಲ ಅಂತ ಅವರಿಗೆ ಯಾರಾದರೂ ಹೇಳಿಕೊಡಬೇಕು.

ಗೇಲಿ ಅಂದರೆ ಏನು ಅಂತ ನಮ್ಮ ಸಮುದಾಯಕ್ಕೆ ಬೇರೆಯವರು ಕಲಿಸಬೇಕಾಗಿಲ್ಲ. ಹಾಸ್ಯ ಪ್ರಸಂಗದಲ್ಲಿ ಬ್ಯಾರಿ ಪಾತ್ರ ಬಂದರೆ ಅವನು ಆಡುವ ಕನ್ನಡವೇ ನಗೆಯ ಸಾಮಾನು. ಬೆಂಗಳೂರಿಗೆ ಹೋದರೆ ಕರಾವಳಿಯ ಎಲ್ಲ ಜಾತಿ ಧರ್ಮದವರ ಕನ್ನಡವೂ 'ಎಂಥ ಮಾರಾಯ್ರೆ' ಅನ್ನುವ ಒಂದೇ ಮಾತಿಗೆ ಇಳಿದುಬಿಡ್ತದೆ. ಬ್ಯಾರಿಯೊಳಗೂ ಉಡುಪಿ ಕಡೆಯ ಮಾತು ಬೇರೆ, ಪುತ್ತೂರು ಕಡೆಯದ್ದು ಬೇರೆ. ಮದುವೆಯಾಗಿ ಬಂದ ಸೊಸೆಯ ಮಾತಿನ ಧಾಟಿ ಹಿಡಿದು ನಾದಿನಿಯರು ಕೀಟಲೆ ಮಾಡುವುದು ಹೊಸದೇನಲ್ಲ. ಪ್ರೀತಿಯ ಕೀಟಲೆ ಬೇರೆ, ಬಾಯಿ ಮುಚ್ಚಿಸುವ ನಗು ಬೇರೆ. ಮೊದಲನೆಯದರಲ್ಲಿ ಎಲ್ಲರೂ ಸೇರಿ ನಗ್ತಾರೆ. ಎರಡನೆಯದರಲ್ಲಿ ಒಬ್ಬರು ಮಾತ್ರ ನಗುವುದಿಲ್ಲ.

ಈ ಎರಡನೇ ತರದ ನಗು ಈಗ ಮನೆಯೊಳಗೆ ಬಂದಿದೆ. ಇಂಗ್ಲಿಷ್ ಮೀಡಿಯಂಗೆ ಹೋಗುವ ಮಗಳು 'ಉಮ್ಮ, ಅದು ಹಾಗಲ್ಲ' ಅಂತ ಮುಖ ಸಿಂಡರಿಸ್ತಾಳೆ. ಕನ್ನಡ ಶಾಲೆಯಲ್ಲಿ ಓದಿದ ಉಮ್ಮ ಅವತ್ತಿನಿಂದ ಟೀಚರ ಮುಂದೆ ಇಂಗ್ಲಿಷ್ ಪದ ಬಳಸುವುದನ್ನು ಬಿಡ್ತಾರೆ. ಆಮೇಲೆ ಪೇರೆಂಟ್ಸ್ ಮೀಟಿಂಗಿಗೆ ಹೋಗುವುದನ್ನೇ ಬಿಡ್ತಾರೆ. ಮಗಳಿಗೆ ಲೆಕ್ಕದಲ್ಲಿ ಮಾರ್ಕ್ಸ್ ಕಮ್ಮಿ ಯಾಕೆ ಬಂತು, ಶಾಲೆಯಲ್ಲಿ ಅವಳಿಗೆ ಏನಾದರೂ ತೊಂದರೆ ಇದೆಯಾ, ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಯಾವಾಗ ಅಂತ ಕೇಳುವವರು ಇಲ್ಲದಾಗ್ತಾರೆ. ಒಂದು ಪದದ ಉಚ್ಚಾರಕ್ಕೆ ನಕ್ಕದ್ದಕ್ಕೆ ಇಷ್ಟು ದೊಡ್ಡ ಬಾಡಿಗೆ! ತರಗತಿಯಲ್ಲೂ ಅಷ್ಟೆ. ಒಮ್ಮೆ ನಗೆಗೀಡಾದ ಮಗು ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಟೀಚರಿಗೆ ಅದು ಗೊತ್ತಿಲ್ಲದ ಮಗು ಅಂತ ಕಾಣ್ತದೆ.

ಹಾಗಾದರೆ ತಿದ್ದುವುದೇ ಬೇಡವೇ?

ಬೇಕು, ಖಂಡಿತ ಬೇಕು. ಹೇಗೆ ಹೇಳಿದರೂ ಆಗ್ತದೆ ಅಂತ ನಾವು ಹೇಳ್ತಾ ಇಲ್ಲ. ಎದುರಿನವರಿಗೆ ಅರ್ಥವಾಗದ ಮಾತು ಯಾವ ಭಾಷೆಯಲ್ಲೂ ಉಪಯೋಗಕ್ಕಿಲ್ಲ. ಆದರೆ ಸ್ಪಷ್ಟವಾಗಿ ಮಾತಾಡುವುದು ಬೇರೆ, ಲಂಡನ್‌ನವರ ಹಾಗೆ ಮಾತಾಡುವುದು ಬೇರೆ.

ಇದನ್ನು ಗಲ್ಫಿನಲ್ಲಿ ದುಡಿದವರು ಚೆನ್ನಾಗಿ ಬಲ್ಲರು. ಅರಬ್ಬಿಯಲ್ಲಿ ಪ-ಕಾರ ಇಲ್ಲ, ಹಾಗಾಗಿ ಅರಬ್ಬಿ ಮಾತಾಡುವ ಎಷ್ಟೋ ಮಂದಿಗೆ 'ಪಾರ್ಕಿಂಗ್' ಅನ್ನುವುದು 'ಬಾರ್ಕಿಂಗ್'. ಫಿಲಿಪೀನ್ಸಿನವರಲ್ಲಿ ಕೆಲವರಿಗೆ ಫ್ರೆಂಡ್ 'ಪ್ರೆಂಡ್'. ಈಜಿಪ್ಟಿನವನದ್ದು ಒಂದು ಧಾಟಿ, ಮಲಯಾಳಿಯದ್ದು ಇನ್ನೊಂದು. ದುಬೈ, ದಮಾಮ್‌ನ ಒಂದೊಂದು ಆಫೀಸಿನಲ್ಲೂ ಇಷ್ಟು ತರದ ಇಂಗ್ಲಿಷ್ ಒಟ್ಟಿಗೆ ಕೂತು ಕೆಲಸ ಮಾಡ್ತದೆ. ಸಂಬಳ ಬರ್ತದೆ, ಹಡಗು ಬರ್ತದೆ, ಕಟ್ಟಡ ಏಳ್ತದೆ.

ವಿಮಾನದವರ ನಿಯಮ ಇನ್ನೂ ಚೆಂದ. ಪೈಲಟ್ ಮತ್ತು ಕಂಟ್ರೋಲ್ ಟವರ್ ನಡುವೆ ಒಂದು ಅಂಕೆ ತಪ್ಪಿ ಕೇಳಿದರೂ ನೂರಾರು ಪ್ರಾಣ ಹೋಗಬಹುದು. ಹಾಗಾಗಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ರೇಡಿಯೋದಲ್ಲಿ ಅಂಕೆಗಳನ್ನು ಹೇಗೆ ಹೇಳಬೇಕು ಅಂತ ಗೊತ್ತುಮಾಡಿದೆ. ಅದರಲ್ಲಿ ಮೂರಕ್ಕೆ 'ಟ್ರೀ', ಒಂಬತ್ತಕ್ಕೆ 'ನೈನರ್', ಸಾವಿರಕ್ಕೆ 'ಟೌಸಂಡ್'. ನಾಲಗೆಯನ್ನು ಹಲ್ಲಿನ ನಡುವೆ ತಂದು ಹೇಳುವ ಇಂಗ್ಲಿಷರ ಆ 'ಥ್ರೀ' ಸದ್ದನ್ನೇ ಬಿಟ್ಟಿದ್ದಾರೆ. ಬಜ್ಪೆಯಲ್ಲಿ ಇಳಿಯುವ ವಿಮಾನಕ್ಕೂ ಅದೇ ನಿಯಮ. ಆಕಾಶದಲ್ಲಿ ಸರಿ ಇರುವ 'ಟ್ರೀ' ಎರಡನೇ ಕ್ಲಾಸಿನಲ್ಲಿ ಮಗು ಹೇಳಿದಾಗ ಮಾತ್ರ ಅಪರಾಧ ಆಗುವುದು ಹೇಗೆ?

ಬ್ರಿಟನ್ನಿನ ಭಾಷಾತಜ್ಞೆ ಜೆನಿಫರ್ ಜೆಂಕಿನ್ಸ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾರೆ. ಬೇರೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ಆ 'ಥ್' ಸದ್ದಿನಿಂದ ಅರ್ಥ ಕೆಡುವುದಿಲ್ಲ. ಕೆಡುವುದು ಬೇರೆ ಕಾರಣಗಳಿಂದ. ಒಂದು, ಸ್ವರದ ಹ್ರಸ್ವ ದೀರ್ಘ ತಪ್ಪಿದರೆ. 'ಶಿಪ್' ಅಂದರೆ ಹಡಗು, 'ಶೀಪ್' ಅಂದರೆ ಕುರಿ. ಕನ್ನಡ, ಬ್ಯಾರಿ ಬಲ್ಲ ಮಗುವಿಗೆ ಈ ವ್ಯತ್ಯಾಸ ಹೇಳಿಕೊಡಲೇ ಬೇಕಾಗಿಲ್ಲ, ಅದು ಹುಟ್ಟಿನಿಂದ ಬಂದದ್ದು. ಎರಡು, ಪದದ ಆರಂಭದ ಒತ್ತಕ್ಷರವನ್ನು ಮುರಿದರೆ ಅಥವಾ ನುಂಗಿದರೆ. ಮೂರು, ವಾಕ್ಯದಲ್ಲಿ ಮುಖ್ಯವಾದ ಪದಕ್ಕೆ ಒತ್ತು ಕೊಡದೆ ಎಲ್ಲವನ್ನೂ ಒಂದೇ ಸಮನೆ ಓಡಿಸಿದರೆ. ಇದಕ್ಕೆ ನಾವು ಇನ್ನೊಂದನ್ನು ಸೇರಿಸ್ತೇವೆ. ನಮ್ಮಲ್ಲಿ ಅನೇಕರು ಹೆದರಿಕೆಯಿಂದ ವೇಗವಾಗಿ, ಸಣ್ಣ ಧ್ವನಿಯಲ್ಲಿ ಮಾತಾಡ್ತಾರೆ. ನಿಧಾನವಾಗಿ, ಧೈರ್ಯವಾಗಿ, ಪದದ ಕೊನೆ ನುಂಗದೆ ಹೇಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗೀತದೆ.

ತಿದ್ದುವುದಕ್ಕೂ ಒಂದು ರೀತಿ ಇದೆ. ನಮ್ಮ ಮಕ್ಕಳು ಮದ್ರಸದಲ್ಲಿ ಅರಬ್ಬಿಯ 'ಐನ್', 'ಖಾಫ್' ಗಂಟಲಿನ ಯಾವ ಜಾಗದಿಂದ ಬರಬೇಕು ಅಂತ ಕಲೀತಾರೆ. ಕನ್ನಡದಲ್ಲೂ ಬ್ಯಾರಿಯಲ್ಲೂ ಇಲ್ಲದ ಸದ್ದುಗಳು ಅವು. ತಾಳ್ಮೆ ಇರುವ ಉಸ್ತಾದರು ಹತ್ತು ಸಲ ಹೇಳಿಸ್ತಾರೆ, ಹನ್ನೊಂದನೇ ಸಲ ಅದು ಬರ್ತದೆ. ಆ ನಾಲಗೆಗೆ ಇಂಗ್ಲಿಷಿನ ಯಾವ ಸದ್ದೂ ಅಸಾಧ್ಯ ಅಲ್ಲ. ಕಲಿಸುವವರು ನಗದೆ ಇದ್ದರೆ ಸಾಕು.

ಆದ್ದರಿಂದ ಮನೆಯಲ್ಲಿ ಮಕ್ಕಳು ಪದ ತಪ್ಪು ಹೇಳಿದರೆ ಅದೇ ಪದವನ್ನು ಸರಿಯಾಗಿ ಒಮ್ಮೆ ನಮ್ಮ ಮಾತಿನಲ್ಲಿ ಬಳಸಿ ಮುಂದೆ ಹೋಗುವ, ಎಲ್ಲರ ಮುಂದೆ ನಿಲ್ಲಿಸಿ ತಿದ್ದುವುದು ಬೇಡ. ಮಕ್ಕಳು ಉಮ್ಮನನ್ನು, ಅಜ್ಜಿಯನ್ನು ನಕ್ಕರೆ ಅಲ್ಲೇ ತಡೆಯುವ. ಉಮ್ಮಂದಿರು ಶಾಲೆಯ ಮೀಟಿಂಗಿಗೆ ಹೋಗಲೇಬೇಕು. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಕೇಳಲಿ, ಕನ್ನಡದ ನಡುವೆ ನಾಲ್ಕು ಇಂಗ್ಲಿಷ್ ಪದ ನಮ್ಮ ಧಾಟಿಯಲ್ಲೇ ಬಂದರೆ ಬರಲಿ. ಮಗುವಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಕೇಳದೆ ಮನೆಗೆ ಬರುವುದು ಮಾತ್ರ ಬೇಡ.